ಬೆನ್ನ ಹಿಂದಿನವಳು

ಓಟ್ಸ್ ಗಂಜಿಯ ಮೇಲೆ ಮೇಪಲ್ ಪಾಕ ಸುರಿದುಕೊಳ್ಳುವಾಗ ಮೊಯ್ರಾಗೆ ತಾನು ಇವತ್ತು ಮೋಸ ಮಾಡುತ್ತೇನೆ ಎಂಬುದು ಎಷ್ಟು ಸಲೀಸಾಗಿ ಹೊಳೆಯಿತೆಂದರೆ ಅವಳು ಸುರಿಯುವುದನ್ನೂ ನಿಲ್ಲಿಸಲಿಲ್ಲ. ಪಾಕದ ಬಾಟಲಿಗೆ ಮುಚ್ಚಳ ಹಾಕಿದಳು, ಅಂಟಿದ ಬೆರಳನ್ನು ನೆಕ್ಕಿದಳು, ಬಾಟಲಿಯನ್ನು ಟೆಸ್ ಕಡೆಗೆ ತಳ್ಳಿದಳು. ಟೆಸ್ ನೋಡಲಿಲ್ಲ. ಅವಳು ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಹಚ್ಚಿ, ಅದನ್ನು ಚಾಕುವಿನಿಂದ ಕೆರೆದು ತೆಗೆದು, ಮತ್ತೆ ಹಚ್ಚುತ್ತಿದ್ದಳು. ದೋಣಿಮನೆಯ ಊಟದ ಕೋಣೆಯಲ್ಲಿ ಯಾರ ಗಂಟಲಲ್ಲೂ ತಿಂಡಿ ಇಳಿಯುತ್ತಿರಲಿಲ್ಲ, ಬ್ರೈಡಿಯನ್ನು ಬಿಟ್ಟು. ಅವಳು ಮೇಜಿನ ತುದಿಯಲ್ಲಿ, ಎರಡೂ ಪಕ್ಕ ಒಂದೊಂದು ಕುರ್ಚಿ ಖಾಲಿಯಿರುವ ಹಾಗೆ ಕೂತಿದ್ದಳು. ಖಾಲಿ ಬಿಟ್ಟವಳು ಅವಳಲ್ಲ, ಉಳಿದವರು. ಎರಡನೇ ಬಟ್ಟಲು ಗಂಜಿ ತಿನ್ನುತ್ತಿದ್ದವಳು ತಲೆಯೆತ್ತಿ ಮೊಯ್ರಾಳನ್ನು ನೋಡಿ ನಕ್ಕಳು. ಮೊಯ್ರಾ ಕೂಡ ನಕ್ಕಳು. ಆಮೇಲೆ, ತನ್ನ ಚಮಚ ಬಾಯಿಗೆ ಹೋಗುವಾಗಲೇ ಆ ತುದಿಯ ಚಮಚವೂ ಹೋಗುತ್ತಿದೆ ಎಂಬುದು ಕಣ್ಣಿಗೆ ಬಿದ್ದು, ಪರೀಕ್ಷೆ ಮಾಡುವವಳಂತೆ ಕೈಯನ್ನು ಅರ್ಧದಲ್ಲಿ ನಿಲ್ಲಿಸಿದಳು. ಆ ತುದಿಯ ಚಮಚವೂ ನಿಂತಿತು. ಬ್ರೈಡಿ ಅವಳ ಕಡೆ ನೋಡುತ್ತಲೂ ಇರಲಿಲ್ಲ, ಕಿಟಕಿಯಾಚೆ ಕೆರೆಯನ್ನು ನೋಡುತ್ತಿದ್ದಳು.

"ಆ ಕಡೆ ನೋಡಬೇಡ ಕಣೆ," ಎಂದಳು ಟೆಸ್, ತಲೆಯೆತ್ತದೆ.

"ನಾನೆಲ್ಲಿ ನೋಡಿದೆ?"

"ನನಗಂತೂ ದೋಣೀಲಿ ಅವಳ ಮುಂದೆ ಕೂತ್ರೆ ಮೈ ಜುಂ ಅನ್ನತ್ತೆ," ಎಂದು ಎಲೀಸ್ ಬಗ್ಗಿ ಪಿಸುಗುಟ್ಟಿದಳು. ಎಲೀಸ್ ಮಾಂಟ್ರಿಯಲ್ಲಿನವಳು, ಪಿಸುಮಾತು ಅವಳಿಗೆ ಒಗ್ಗಿದ್ದಲ್ಲ, ಇಡೀ ಮೇಜಿಗೆ ಕೇಳಿಸುತ್ತದೆ. "ಉಸಿರಾಡೋ ಸದ್ದೇ ಬರಲ್ಲ ಮಾರಾಯ್ತಿ. ಹಿಂದೆ ಯಾರೂ ಇಲ್ಲವೇನೋ ಅನ್ಸತ್ತೆ. ಆದ್ರೆ ದೋಣಿ ಓಡ್ತಿರತ್ತೆ!"

"ಹುಟ್ಟು ಹಾಕೋ ಮಷೀನಿನ ಮೇಲೆ ಕೂರಿಸು, ನಮ್ಮಜ್ಜಿ ಅವಳನ್ನ ಸೋಲಿಸ್ತಾಳೆ," ಎಂದಳು ಇಂಗ್ರಿಡ್.

"ನಿಮ್ಮಜ್ಜಿ ಸತ್ತು ಎಷ್ಟು ವರ್ಷ ಆಯ್ತೇ?" ಎಂದಳು ಎಲೀಸ್.

"ಅದಕ್ಕೇ ಹೇಳಿದ್ದು."

ಎಲ್ಲರೂ ನಕ್ಕರು, ಟೆಸ್ ಒಬ್ಬಳು ನಗಲಿಲ್ಲ. ಇಂಗ್ರಿಡ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬ್ರೈಡಿ ನ್ಯೂಫೌಂಡ್‌ಲ್ಯಾಂಡಿನ ಯಾವುದೋ ಮೀನುಗಾರರ ಹಳ್ಳಿಯಿಂದ ವಸಂತದಲ್ಲಿ ಬಂದಿಳಿದಾಗ ಮಷೀನಿನ ಮೇಲೆ ಅವಳ ಅಂಕಿ ಎಲ್ಲರಿಗಿಂತ ಕೆಳಗಿತ್ತು. ತೋಳು ನೋಡಿದರೆ ಬಸ್ಸಿನಲ್ಲಿ ಪಕ್ಕಕ್ಕೆ ಕೂರುವ ಯಾವ ಹುಡುಗಿಯ ತೋಳೂ ಆಗಬಹುದಿತ್ತು. ನಾಲ್ಕು ದಿನ ಇದ್ದು ಗಂಟುಮೂಟೆ ಕಟ್ಟುತ್ತಾಳೆ ಎಂದುಕೊಂಡಿದ್ದರು. ಆದರೆ ಅವಳನ್ನು ಕೂರಿಸಿದ ದೋಣಿಯೆಲ್ಲ ಗೆದ್ದಿತು. ಕೋಚ್ ಫರ್ಗಸ್ ಅವಳನ್ನು ಎತ್ತಿ ಅತ್ಯಂತ ದುರ್ಬಲರ ದೋಣಿಗೆ ಹಾಕಿದರು, ಅದೂ ಗೆದ್ದಿತು. ಅವಳು ಎದ್ದು ಬಂದ ಮೇಲೆ ಅದೇ ದೋಣಿ, ಅದೇ ಹುಡುಗಿಯರು, ಅದೇ ನೀರು, ಮತ್ತೆ ಹಿಂದಿನಂತೆ ತೆವಳಿತು. ಇದನ್ನು ಮೊಯ್ರಾಗೆ ಸಹಿಸಲು ಆಗುತ್ತಿರಲಿಲ್ಲ, ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ ಇರಲಿ. ಚಿಕ್ಕಂದಿನಿಂದ ಅವಳಿಗೆ ಗೊತ್ತಿದ್ದದ್ದು ಒಂದೇ ಮಾತು, ಹೆಚ್ಚು ನೋವು ತಿಂದವರು ಒಲಿಂಪಿಕ್ಸಿಗೆ ಹೋಗುತ್ತಾರೆ, ಅವರಲ್ಲೂ ಇನ್ನೂ ಹೆಚ್ಚು ತಿಂದವರು ಪದಕ ತರುತ್ತಾರೆ ಎಂಬುದು. ಅವಳು ತಿಂದಿದ್ದಳು. ಅಂಗೈ ಒಡೆದು, ಪಕ್ಕೆಲುಬು ಬಿರುಕು ಬಿಟ್ಟು, ಅಣ್ಣನ ಮದುವೆಗೆ ಹೋಗದೆ, ಪ್ರೀತಿಸಿದ ಹುಡುಗ ಬೇರೆಯವಳನ್ನು ಕಟ್ಟಿಕೊಂಡರೂ ಬೆಳಗಾದರೆ ನೀರಿಗಿಳಿದು ತಿಂದಿದ್ದಳು. ಇಷ್ಟೆಲ್ಲ ತಿಂದವಳ ಎದುರು ಈ ಹುಡುಗಿ ಗಂಜಿ ತಿನ್ನುತ್ತ ಕೂತಿದ್ದಾಳೆ.

ಇವತ್ತು ಸೀಟಿನ ಓಟ. ಈ ಕೆರೆಯಲ್ಲಿ ಒಲಿಂಪಿಕ್ ದೋಣಿಗೆ ಹುಡುಗಿಯರನ್ನು ಆರಿಸುವುದು ಹೀಗೆ: ನಾಲ್ವರ ಎರಡು ದೋಣಿಗಳನ್ನು ಅಕ್ಕಪಕ್ಕ ಓಡಿಸುತ್ತಾರೆ, ಕೆರೆಯ ನಡುವೆ ನಿಲ್ಲಿಸುತ್ತಾರೆ, ಒಂದು ದೋಣಿಯ ಒಬ್ಬಳನ್ನೂ ಇನ್ನೊಂದರ ಒಬ್ಬಳನ್ನೂ ಅದಲುಬದಲು ಮಾಡಿ ಮತ್ತೆ ಓಡಿಸುತ್ತಾರೆ. ಎರಡು ಓಟಗಳ ಅಂತರದಲ್ಲಿ ಯಾವ ವ್ಯತ್ಯಾಸ ಬಂತೋ ಅದೇ ಆ ಇಬ್ಬರ ಬೆಲೆ. ಯಾರನ್ನು ಬದಲಾಯಿಸುತ್ತಾರೆ ಎಂದು ಮೊದಲೇ ಹೇಳುವುದಿಲ್ಲ. ಬದಲಾಯಿಸುವಾಗ ಯಾರೂ ಮಾತಾಡುವಂತಿಲ್ಲ. ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ ಎನ್ನುತ್ತಾರೆ ಕೋಚ್. ಹುಳುಕು ಒಂದೇ ಕಡೆ ಇದೆ, ಬದಲಾಗದೆ ಉಳಿದವರು ಎರಡೂ ಓಟದಲ್ಲಿ ಒಂದೇ ಹಾಗೆ ಎಳೆಯಬೇಕು. ಒಬ್ಬಳು ಒಂದಿಷ್ಟು ಹಗುರ ಎಳೆದರೆ ಇನ್ನೊಬ್ಬಳ ನಾಲ್ಕು ವರ್ಷ ನೀರುಪಾಲು. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಮೊಯ್ರಾ ಕೂರುವುದು ತಾಳದ ಸೀಟಿನಲ್ಲಿ, ಉಳಿದ ಮೂವರು ಅವಳ ಲಯಕ್ಕೇ ಎಳೆಯಬೇಕು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರಲ್ಲ, ಎಲ್ಲರ ಕಣ್ಣೂ ಮುಂದಿನವಳ ಬೆನ್ನಿನ ಮೇಲಿರುತ್ತದೆ. ತಾಳದ ಸೀಟಿನವಳ ಎದುರು ಯಾರೂ ಇರುವುದಿಲ್ಲ, ಬಿಟ್ಟುಬಂದ ನೀರು ಮಾತ್ರ. ಅವಳ ಬೆನ್ನ ಹಿಂದೆ ಎಂಟು ವರ್ಷಗಳಿಂದ ಟೆಸ್ ಕೂತಿದ್ದಳು. ಕಳೆದ ಒಲಿಂಪಿಕ್ಸಿನಲ್ಲೂ ಕೂತಿದ್ದಳು. ಅಲ್ಲಿ, ಮುಗಿಯುವ ಗೆರೆಗೆ ಮುಂಚಿನ ಕೊನೆಯ ಗುರುತು ದಾಟಿದ ಮೇಲೆ, ಮೂರನೇ ಸ್ಥಾನ ಕೈಯಲ್ಲಿರುವಾಗ, ಮೊಯ್ರಾಳ ಮೈಯೊಳಗೆ ಏನೋ ಕಳಚಿಕೊಂಡಿತು. ಹುಟ್ಟು ನೀರಿಗೆ ಬೀಳುತ್ತಿತ್ತು, ಏಳುತ್ತಿತ್ತು, ಅದರಲ್ಲಿ ಅವಳಿರಲಿಲ್ಲ. ದಡದವರಿಗೆ ಅದು ಕಾಣಲಿಲ್ಲ, ಬೆನ್ನ ಹಿಂದಿನವಳಿಗೆ ಕಾಣದೆ ಇರಲು ಸಾಧ್ಯವಿರಲಿಲ್ಲ. ನಾಲ್ಕನೆಯವರಾಗಿ ಬಂದರು. ಮೈಕುಗಳು ಮುತ್ತಿಕೊಂಡಾಗ ಟೆಸ್, "ನನ್ನ ತಪ್ಪು, ಕೊನೇಲಿ ನಾನು ತಾಳ ತಪ್ಪಿದೆ," ಎಂದಳು. ಮೊಯ್ರಾ ಪಕ್ಕದಲ್ಲಿ ಟವೆಲ್ ಹೊದ್ದು ನಿಂತಿದ್ದಳು, ಟವೆಲಿನ ಅಂಚಿನ ನೀಲಿ ದಾರ ಬಿಚ್ಚಿಕೊಂಡಿತ್ತು, ಅದನ್ನು ಬೆರಳಿಗೆ ಸುತ್ತುತ್ತಿದ್ದಳು. ವಿಮಾನದಲ್ಲಿ ಟೆಸ್ ಅವಳ ಭುಜಕ್ಕೆ ಒರಗಿ ಮಲಗಿದಳು. ಆ ಮಾತು ಇಬ್ಬರ ನಡುವೆ ಮತ್ತೆ ಬರಲೇ ಇಲ್ಲ. ಆ ಋಣವನ್ನು ಇವತ್ತು ತೀರಿಸಬಹುದು. ಒಂದೇ ಸೀಟು ಬಾಕಿಯಿದೆ, ಟೆಸ್‌ಗೋ ಬ್ರೈಡಿಗೋ. ಬ್ರೈಡಿ ತನ್ನ ಬೆನ್ನ ಹಿಂದೆ ಬಂದಾಗ ತಾನು ಒಂದಿಷ್ಟು ಹಗುರ ಎಳೆದರಾಯಿತು. ಗಂಜಿ ತಣ್ಣಗಾಗಿತ್ತು. ಮೊಯ್ರಾ ಬಟ್ಟಲನ್ನು ತಳ್ಳಿ ಎದ್ದಳು.

ಕೆರೆಯ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿತ್ತು. ದೋಣಿಗಳು ಕಾಣುತ್ತಿರಲಿಲ್ಲ, ಹುಡುಗಿಯರ ಎದೆಯಿಂದ ಮೇಲಿನ ಭಾಗ ಮಾತ್ರ ಬಿಳಿಯ ಮೇಲೆ ಜಾರುತ್ತಿತ್ತು. ಎಲ್ಲೋ ಒಂದು ಲೂನ್ ಹಕ್ಕಿ ಕೂಗಿತು, ಯಾರೋ ಹುಚ್ಚಿ ನಕ್ಕಂತೆ. ಮೊದಲ ಓಟದಲ್ಲಿ ಮೊಯ್ರಾಳ ಹಿಂದೆ ಟೆಸ್, ಆಚೆಯ ದೋಣಿಯ ತಾಳದ ಸೀಟಿನಲ್ಲಿ ಎಲೀಸ್, ಅವಳ ಹಿಂದೆ ಬ್ರೈಡಿ. ಟೆಸ್‌ಳ ಉಸಿರು ಎಂದಿನಂತೆ ಕುತ್ತಿಗೆಗೆ ಬಡಿಯುತ್ತಿತ್ತು, ಬಿಸಿಯಾಗಿ, ಸದ್ದಾಗಿ. ಮೊಯ್ರಾ ಪ್ರಾಣ ಹೋಗುವಂತೆ ಎಳೆದಳು, ಮೋಸಕ್ಕೂ ಮೊದಲ ಓಟ ಪ್ರಾಮಾಣಿಕವಾಗಿರಬೇಕಲ್ಲ. ಒಂದು ದೋಣಿಯುದ್ದ ಮುಂದೆ ಬಂದು ಗೆದ್ದರು. "ಚೆನ್ನಾಗಿತ್ತು ಕಣೆ, ಚೆನ್ನಾಗಿತ್ತು," ಎಂದು ಟೆಸ್ ಏದುಸಿರಲ್ಲೇ ಅವಳ ಬೆನ್ನು ತಟ್ಟಿದಳು. ಕೋಚ್‌ರ ಮೋಟಾರು ದೋಣಿ ಮಂಜು ಸೀಳಿಕೊಂಡು ಬಂತು. ಅವರು ಧ್ವನಿವರ್ಧಕ ಎತ್ತಿ, ಹವಾಮಾನ ವರದಿ ಓದುವವರ ದನಿಯಲ್ಲಿ, "ಟೆಸ್. ಬ್ರೈಡಿ," ಎಂದರು.

ಎರಡು ದೋಣಿಗಳನ್ನು ಕೈಗಳಲ್ಲಿ ಹಿಡಿದು ಒತ್ತಿಟ್ಟುಕೊಂಡರು. ಟೆಸ್ ಶೂಗಳಿಂದ ಕಾಲು ಬಿಡಿಸಿಕೊಂಡಳು. ಶೂಗಳನ್ನು ದೋಣಿಗೇ ತಿರುಪು ಹಾಕಿ ಕೂರಿಸಿರುವುದರಿಂದ ಅವು ಎಲ್ಲಿಗೂ ಬರುವುದಿಲ್ಲ, ಹೋಗುವವಳು ಹೋಗುತ್ತಾಳೆ, ಬಂದವಳು ಹೋದವಳ ಒದ್ದೆ ಶೂಗಳಲ್ಲಿ ಕಾಲಿಡುತ್ತಾಳೆ. ಟೆಸ್ ಕಾಲುಚೀಲದಲ್ಲಿ ಆಚೆ ದಾಟಿದಳು, ದೋಣಿ ಒಮ್ಮೆ ತೊನೆಯಿತು. ಬ್ರೈಡಿ ಈಚೆ ದಾಟಿದ್ದು ಮೊಯ್ರಾಗೆ ಗೊತ್ತೇ ಆಗಲಿಲ್ಲ. ದೋಣಿ ಅಲುಗಲಿಲ್ಲ. ಕೂತಳೋ ಇಲ್ಲವೋ ಎಂದು ತಿರುಗಿ ನೋಡಬೇಕೆನಿಸಿತು. ಟೆಸ್‌ಳ ಶೂಗಳ ಪಟ್ಟಿ ಬಿಗಿದುಕೊಳ್ಳುವ ಚರಚರ ಸದ್ದು ಕೇಳಿದ ಮೇಲೇ ನಂಬಿಕೆ ಬಂದದ್ದು.

ಹಗುರ ಎಳೆಯುವುದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಬರುತ್ತದೆ. ಹುಟ್ಟನ್ನು ಪೂರ್ತಿ ಮುಳುಗಿಸಬೇಕು, ಮುಖವನ್ನು ಪೂರ್ತಿ ಕಿವುಚಬೇಕು, ಮೈಭಾರವನ್ನು ಮಾತ್ರ ಹುಟ್ಟಿಗೆ ಕೊಡದೆ ಸೊಂಟದಲ್ಲೇ ಉಳಿಸಿಕೊಳ್ಳಬೇಕು. ಮೊಯ್ರಾ ಶುರುವಿನಿಂದಲೇ ಉಳಿಸಿಕೊಂಡಳು. ಸುಲಭವಾಗಿತ್ತು, ನಾಚಿಕೆಯಾಗುವಷ್ಟು ಸುಲಭವಾಗಿತ್ತು. ಬೆನ್ನ ಹಿಂದೆ ಉಸಿರಿಲ್ಲ. ಬಿಸಿಯಿಲ್ಲ. ಎಲೀಸ್ ಹೇಳಿದ್ದು ನಿಜ, ಅಲ್ಲಿ ಯಾರೂ ಇಲ್ಲ. ನಂತರ ದೋಣಿಯ ತಳದಲ್ಲಿ ಸದ್ದು ಶುರುವಾಯಿತು. ದೋಣಿ ಸರಿಯಾಗಿ ಓಡಿದರೆ ತಳದ ಕೆಳಗೆ ಗುಳ್ಳೆಗಳು ಸರಿದು ಸದ್ದು ಬರುತ್ತದೆ ಎಂದು ಹಳಬರು ಹೇಳುವುದುಂಟು, ಮೊಯ್ರಾ ಅದನ್ನು ಹದಿನೇಳರ ವಯಸ್ಸಿನಲ್ಲಿ ಒಮ್ಮೆ ಕೇಳಿದ್ದಳು, ಆಮೇಲೆ ಕೇಳಿದ್ದೇ ಸುಳ್ಳೇನೋ ಎಂದುಕೊಂಡಿದ್ದಳು. ಪಕ್ಕದ ಕೋಣೆಯಲ್ಲಿ ಮನೆಯವರೆಲ್ಲ ಕೂತು ತನ್ನ ಬಗ್ಗೆ ಮೆಲ್ಲಗೆ ಮಾತಾಡುತ್ತಿರುವ ಹಾಗೆ ಇತ್ತು ಅದು. ಮಾತು ಸ್ಪಷ್ಟವಿಲ್ಲ, ಹೆಸರು ಮಾತ್ರ ಆಗಾಗ ಕೇಳಿಸಿದಂತೆ. ಕಣ್ಣೆದುರು ಅವಳ ಹುಟ್ಟು ಬಿಟ್ಟ ಸುಳಿಗಳು ಹಿಂದೆ ಸರಿಯುತ್ತಿದ್ದವು, ಅವುಗಳ ಪಕ್ಕದಲ್ಲಿ ಬ್ರೈಡಿಯ ಸುಳಿಗಳು, ಚಿಕ್ಕವು, ಕಪ್ಪನೆಯವು, ನೊರೆಯಿಲ್ಲದೆ ಮುಚ್ಚಿಕೊಳ್ಳುವಂಥವು. ಮೊಯ್ರಾ ನೋಡುತ್ತಿದ್ದ ಹಾಗೇ ತನ್ನ ಸುಳಿಗಳೂ ಹಾಗೇ ಆಗತೊಡಗಿದವು. ಭಾರ ಉಳಿಸಿಕೊಳ್ಳಬೇಕು ಎಂದು ಸೊಂಟಕ್ಕೆ ಹೇಳಿದಳು. ಹೇಳುವಷ್ಟರಲ್ಲಿ ಭಾರ ಹೋಗಿಯಾಗಿತ್ತು. ತಾನು ಮುಂದಕ್ಕೆ ಬಾಗುವ ಮೊದಲೇ ತನ್ನ ಬಾಗುವಿಕೆ ಎಲ್ಲೋ ಹಿಂದೆ ಯಾರಿಗೋ ಗೊತ್ತಾಗಿ, ಅವರು ಅದನ್ನು ಸಿದ್ಧಮಾಡಿ ಇಟ್ಟಿರುತ್ತಿದ್ದರು, ಇವಳು ಹೋಗಿ ಅದರೊಳಗೆ ಸೇರಿಕೊಳ್ಳುತ್ತಿದ್ದಳು. ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ಖುಷಿಯಾಯಿತು, ಜೀವಮಾನದಲ್ಲಿ ಆಗದಷ್ಟು. ನೋವೇ ಇರಲಿಲ್ಲ. ಇಷ್ಟು ದಿನ ನೋವು ಎಂದುಕೊಂಡಿದ್ದೆಲ್ಲ ದೋಣಿಯೊಡನೆ ಆಡಿದ ಜಗಳವಾಗಿತ್ತೇನೋ. ಟೆಸ್ ಎಂಬುವಳೊಬ್ಬಳು ಇದ್ದಾಳೆ ಎಂಬುದನ್ನೇ ಅವಳು ಮರೆತಳು.

ಓಟ ಮುಗಿದು ಹುಟ್ಟು ನಿಲ್ಲಿಸಿದಾಗ ನೆನಪಾಯಿತು. ಈ ಆಟದಲ್ಲಿ ಗೆದ್ದವರಿಗೆ ಸೋತವರ ಬೆನ್ನು ಕಾಣುತ್ತದೆ. ಆಚೆಯ ದೋಣಿ ಮಂಜಿನಲ್ಲಿ ಬಹಳ ಹಿಂದಿತ್ತು, ಮೂರು ದೋಣಿಯುದ್ದವಾದರೂ ಇರಬೇಕು, ಅದರಲ್ಲಿ ಎರಡು ಬೆನ್ನುಗಳ ಆಚೆ ಟೆಸ್‌ಳ ಕೆಂಪು ಜಡೆ ಅಲ್ಲಾಡುತ್ತಿತ್ತು. ಇನ್ನೂ ಎಳೆಯುತ್ತಿದ್ದಳು.

"ಶುರುವಲ್ಲಿ ನಿನ್ನ ಸೊಂಟಕ್ಕೇನಾದ್ರೂ ಆಗಿತ್ತಾ ಬಂಗಾರಿ?" ಎಂದಿತು ಬೆನ್ನ ಹಿಂದಿನ ದನಿ. ಅವಳು ಎಲ್ಲರನ್ನೂ ಬಂಗಾರಿ ಎನ್ನುತ್ತಿದ್ದಳು, ಕೋಚನ್ನೂ ಬಿಟ್ಟಿರಲಿಲ್ಲ.

ಮೊಯ್ರಾ ತಿರುಗಿ ನೋಡದೆಯೇ ಹೇಳಿದಳು, "ಇಲ್ಲ."

"ಹಂಗಾದ್ರೆ ಸರಿ. ಆಮೇಲೆ ಸಡಿಲ ಬಿಟ್ಟೆಯಲ್ಲ, ಒಳ್ಳೇದಾಯ್ತು."

"ನೀನು... ನೀನು ಏನು ಮಾಡ್ತೀಯ, ಹಿಂದೆ ಕೂತು?"

"ನಾನೇನು ಮಾಡ್ಲಿ?" ಬ್ರೈಡಿಗೆ ನಿಜವಾಗಿ ಆಶ್ಚರ್ಯವಾದಂತಿತ್ತು. "ಮುಂದಿರೋರು ಏನು ಮಾಡ್ಬೇಕು ಅಂತಿದಾರೋ ಅದನ್ನ ಮಾಡ್ತೀನಿ. ನಮ್ಮಪ್ಪ ಸಮುದ್ರದ ಮೇಲೆ ಮಾತಾಡ್ತಿರಲಿಲ್ಲ. ಮಂಜು ಬೇರೆ. ಅವರ ಬೆನ್ನು ನೋಡ್ಕೊಂಡೇ ಮನೆಗೆ ಬರಬೇಕಿತ್ತು."

ಮೋಟಾರು ದೋಣಿ ಬಂತು. ಇನ್ನು ದಡಕ್ಕೆ ಎನ್ನುತ್ತಾರೆ ಎಂದು ಮೊಯ್ರಾ ದೋಣಿ ತಿರುಗಿಸಲು ಹುಟ್ಟಿಗೆ ಕೈಹಾಕಿದಳು. ಕೋಚ್ ಧ್ವನಿವರ್ಧಕ ಎತ್ತಿದರು. "ಮೊಯ್ರಾ. ಎಲೀಸ್."

ತನ್ನ ಹೆಸರು ಅದೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಾಳದ ಸೀಟೂ ಖಾಲಿಯಿದೆ ಎಂದು ಯಾರೂ ಹೇಳಿರಲಿಲ್ಲ. ಆಚೆ ದಾಟುವಾಗ ದೋಣಿ ಅವಳ ಕಾಲಡಿ ಹುಚ್ಚಾಪಟ್ಟೆ ತೊನೆಯಿತು, ಯಾರೋ ಮೊಣಕೈ ಹಿಡಿದರು. ಎಲೀಸ್‌ಳ ಶೂ ಬಿಗಿಯಾಗಿತ್ತು, ಒಳಗೆ ಬೆಚ್ಚಗೆ, ಒದ್ದೆಯಾಗಿ, ಬೇರೆಯವರ ಬಾಯೊಳಗೆ ಕಾಲಿಟ್ಟ ಹಾಗೆ ಅಸಹ್ಯವಾಗಿತ್ತು. ಬೆನ್ನ ಹಿಂದೆ ಮತ್ತೆ ಟೆಸ್‌ಳ ಉಸಿರು. ಎಂಟು ವರ್ಷಗಳ ಅದೇ ಉಸಿರು. ಮಾತಾಡುವಂತಿರಲಿಲ್ಲ, ಆಡುವಂತಿದ್ದರೂ ಏನೆಂದು ಆಡುವುದು? ಟೆಸ್‌ಗೆ ಗೊತ್ತಾಗಿದೆ. ಮೂರು ದೋಣಿಯುದ್ದ! ಇಷ್ಟು ವರ್ಷ ನನ್ನ ಜೊತೆ ಹೀಗೆ ಎಳೆಯದವಳು ಆ ಹುಡುಗಿಯ ಜೊತೆ ಎಳೆದಳು ಎಂದು ಅವಳಿಗೆ ಅನ್ನಿಸದೆ ಇದ್ದೀತೇ? ಈಗ ಅವಳ ಸರದಿ. ಈಗ ಅವಳು ಹಗುರ ಎಳೆಯುತ್ತಾಳೆ. ಎಳೆಯಲಿ. ಅವಳು ಹಾಗೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ, ಇಬ್ಬರಿಗೂ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂದುಕೊಂಡಾಗ ಮೊಯ್ರಾಗೆ ಒಂದು ರೀತಿಯ ಸಮಾಧಾನವೂ ಆಯಿತು.

ಓಟ ಶುರುವಾಯಿತು. ಬಲಗಡೆ, ತಲೆಯನ್ನು ಒಂದಿಷ್ಟು ಹೊರಳಿಸಿದರೆ, ಟೆಸ್‌ಳ ಸುಳಿಗಳು ಸರಿದುಬರುವುದು ಕಾಣುತ್ತದೆ. ಮೊದಲನೆಯದು ದಪ್ಪಗೆ, ಬೆಳ್ಳಗೆ, ಆಳವಾಗಿ ತಿರುಗುತ್ತ ಬಂತು. ಮೊದಲಲ್ಲವೇ, ತೋರಿಕೆಗೆ ಇರಬೇಕು. ಎರಡನೆಯದೂ ಹಾಗೇ ಇತ್ತು. ಜಾಣೆ, ಕಾಯುತ್ತಿದ್ದಾಳೆ. ಅರ್ಧದಾರಿ ದಾಟಲಿ, ಸುಸ್ತಿನ ನೆಪ ಸಿಗುವಾಗ ಬಿಡುತ್ತಾಳೆ, ನಾನಾಗಿದ್ದರೆ ಅಲ್ಲೇ ಬಿಡುತ್ತಿದ್ದೆ. ಅರ್ಧದಾರಿ ದಾಟಿತು. ಸುಳಿಗಳು ಬರುತ್ತಲೇ ಇದ್ದವು, ಒಂದರ ಹಿಂದೊಂದು, ಒಂದೂ ತೆಳುವಾಗದೆ. ಟೆಸ್‌ಳ ಉಸಿರು ಈಗ ಉಸಿರಾಗಿರಲಿಲ್ಲ, ಪ್ರತಿ ಎಳೆತಕ್ಕೂ ಗಂಟಲಿಂದ ಒಂದು ನರಳಾಟ ಹೊರಬರುತ್ತಿತ್ತು, ಹೆರಿಗೆಯ ಕೋಣೆಯಿಂದ ಬರುವಂಥದ್ದು. ಮುಂದಿನದು, ಮುಂದಿನದರಲ್ಲಿ ಬಿಡುತ್ತಾಳೆ. ದೋಣಿಯ ತಳದಲ್ಲಿ ಮಾತು ನಿಂತಿತ್ತು. ಪಕ್ಕದ ಕೋಣೆಯವರು ಎದ್ದು ಹೋಗಿದ್ದರು, ದೀಪವನ್ನೂ ಆರಿಸಿದ್ದರು. ಮೊಯ್ರಾ ತಲೆ ಹೊರಳಿಸಿ ಸುಳಿಗಳನ್ನು ಎಣಿಸುವವಳಂತೆ ನೋಡುತ್ತ, ಕಾಯುತ್ತ, ಬೇಡುತ್ತ ಎಳೆದಳು. ಓಟ ಮುಗಿದ ಸೀಟಿ ಕೇಳಿಸಿತು. ತಲೆಯೆತ್ತಿದರೆ ಕಣ್ಣೆದುರು ಯಾರ ಬೆನ್ನೂ ಇರಲಿಲ್ಲ, ಖಾಲಿ ನೀರು, ಅದರ ಮೇಲೆ ಮಂಜು. ಗೆದ್ದವರು ತನ್ನ ಬೆನ್ನ ಹಿಂದೆ ಎಲ್ಲೋ ದೂರದಲ್ಲಿದ್ದರು.

ದಡದಲ್ಲಿ ಕೋಚ್ ಹೆಸರುಗಳನ್ನು ಓದಿದರು: ಎಲೀಸ್, ಬ್ರೈಡಿ, ಟೆಸ್, ಇಂಗ್ರಿಡ್. ಆಮೇಲೆ ಮೊಯ್ರಾಳನ್ನು ಪಕ್ಕಕ್ಕೆ ಕರೆದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಅದು ಅವಳಿಗೆ ಸಾವಿನ ಮನೆಯ ನೆನಪು ತಂದಿತು.

"ಮೂರನೇ ಓಟದಲ್ಲಿ ಟೆಸ್ ಎಳೆದಂಥ ಎಳೆತ ನಾನು ಈ ಕೆರೇಲಿ ಯಾವತ್ತೂ ನೋಡಿಲ್ಲಮ್ಮ. ಅವಳು ಸೋತ ದೋಣೀಲಿದ್ರೂ ಬಿಡೋಕೆ ನನಗೆ ಮನಸ್ಸು ಬರಲಿಲ್ಲ," ಎಂದರು. "ನಿನ್ನ ತಲೆ ಹೊರಗೆ ಹೊರಳಿತ್ತು. ಶುರುವಿಂದ ಕೊನೇವರೆಗೂ. ಏನು ನೋಡ್ತಿದ್ದೆ?"

"ಏನಿಲ್ಲ ಕೋಚ್."

ಅವರು ಟೋಪಿ ಹಾಕಿಕೊಂಡು ಹೋದರು. ದೋಣಿಯನ್ನು ಕಟ್ಟೆಯ ಪಕ್ಕಕ್ಕೆ ತಂದು ಎಲೀಸ್ ಸ್ಪ್ಯಾನರ್ ಹಿಡಿದು ಬಗ್ಗಿದ್ದಳು. ತಾಳದ ಸೀಟಿನಿಂದ ಮೊಯ್ರಾಳ ಶೂಗಳನ್ನು ಬಿಚ್ಚಿ ತನ್ನವನ್ನು ಕೂರಿಸುತ್ತಿದ್ದಳು. ಬಿಚ್ಚಿದ ಶೂಗಳನ್ನು ಟೆಸ್ ಎತ್ತಿಕೊಂಡು ಬಂದಳು, ನೀರು ತೊಟ್ಟಿಕ್ಕುತ್ತಿತ್ತು. ಅವಳ ಅಂಗೈ ಒಡೆದು ರಕ್ತ ಶೂಗಳಿಗೂ ಹತ್ತಿತ್ತು.

"ನಿನ್ನ ಶೂ," ಎಂದವಳು ಅಳತೊಡಗಿದಳು. "ಮೊಯ್ರಾ, ಎರಡನೇ ಓಟ ಆದ್ಮೇಲೆ ನಂಗೆ ಏನು ಅನ್ನಿಸ್ತು ಗೊತ್ತೇನೇ? ನನ್ನ ಜೀವದ ಗೆಳತಿ, ಬೇಕಿದ್ರೆ ನನಗೋಸ್ಕರ ಹಗುರ ಎಳೀಬಹುದಿತ್ತು, ಯಾರಿಗೂ ತಿಳೀತಿರಲಿಲ್ಲ. ನೀನು ಎಳೀಲಿಲ್ಲ. ಅಷ್ಟು ನೇರವಾಗಿದೀಯಲ್ಲ ಅಂತ ನಂಗೆ... ಅದಕ್ಕೇ ಕಣೆ ನಾನು ಹಾಗೆ ಎಳೆದಿದ್ದು. ನಿನಗೋಸ್ಕರ. ನಿನ್ನ ಸೀಟು ಉಳೀಲಿ ಅಂತ."

"ಟೆಸ್, ನಾನು ಹಗುರ ಎಳೀಬೇಕು ಅಂತಾನೇ ಕೂತಿದ್ದೆ. ಎಳೆದೆ ಕೂಡ. ಆಮೇಲೆ ಆಗಲಿಲ್ಲ, ಅವಳು ಹಿಂದೆ..."

"ಥೂ, ಹೋಗೇ." ಟೆಸ್ ಅಳುವಿನ ನಡುವೆಯೇ ನಕ್ಕಳು. "ನಿನಗೆ ಅದೆಲ್ಲ ಬರಲ್ಲ. ನನ್ನ ಸಮಾಧಾನಕ್ಕೆ ಕತೆ ಕಟ್ಟಬೇಡ."

"ಬ್ರೈಡಿ!" ಮೊಯ್ರಾಳ ದನಿ ಕೀರಲಾಯಿತು. "ನೀನಾದ್ರೂ ಹೇಳು ಇವಳಿಗೆ."

ದೋಣಿಯ ಅಂಚನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ ಬ್ರೈಡಿ ನಿಲ್ಲಿಸಿ ನೋಡಿದಳು. ಆ ನೋಟದಲ್ಲಿ ದ್ವೇಷವಿರಲಿಲ್ಲ, ಕರುಣೆಯೂ ಇರಲಿಲ್ಲ. "ನಾನೇನು ಹೇಳ್ಲಿ ಬಂಗಾರಿ? ದೋಣಿ ಓಡ್ತಲ್ಲ," ಎಂದು ಮತ್ತೆ ಒರೆಸತೊಡಗಿದಳು.

ಟೆಸ್ ಗೆಳತಿಯ ಕೆನ್ನೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ರಕ್ತ ಹತ್ತಿತೆಂದು ತೋಳಿನಿಂದ ಒರೆಸಿದಳು. "ಆವತ್ತೂ ನೀನು ಬೇಕು ಅಂತ ಬಿಡಲಿಲ್ಲ," ಎಂದಳು ಮೆಲ್ಲಗೆ. ನಾಲ್ಕು ವರ್ಷಗಳಲ್ಲಿ ಆ ಒಲಿಂಪಿಕ್ಸಿನ ಮಾತು ಬಂದದ್ದು ಇದೇ ಮೊದಲ ಸಲ. "ನಾನು ಹಿಂದಿಂದ ನೋಡ್ತಿದ್ನಲ್ಲ, ನಂಗೊತ್ತು. ನಿನ್ನ ಕೈಲಿ ಆಗಲಿಲ್ಲ, ಅಷ್ಟೇ ಕಣೆ."

"ಎತ್ತೋಣ!" ಎಂದು ಎಲೀಸ್ ಕೂಗಿದಳು. ಟೆಸ್ ಮೂಗು ಒರೆಸಿಕೊಂಡು ಓಡಿದಳು. ನಾಲ್ವರೂ ಬಗ್ಗಿ ದೋಣಿಯನ್ನು ನೀರಿನಿಂದ ಮೇಲೆತ್ತಿ, ತಲೆಯ ಮೇಲೆ ಹಾಯಿಸಿ, ಹೆಗಲಿಗಿಟ್ಟುಕೊಂಡು ದೋಣಿಮನೆಯ ದಾರಿ ಹತ್ತತೊಡಗಿದರು. ಮಂಜಿನಲ್ಲಿ ನಾಲ್ವರ ಹೆಜ್ಜೆ ಒಬ್ಬಳ ಹೆಜ್ಜೆಯಂತೆ ಕೇಳಿಸುತ್ತ ದೂರವಾಯಿತು. ಮೊಯ್ರಾ ಕಟ್ಟೆಯ ಮೇಲೆ ಶೂಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಬೆರಳು ಒಳಗೆ ಹೋದಾಗ ಅವು ಇನ್ನೂ ಬೆಚ್ಚಗಿರುವುದು ತಿಳಿಯಿತು, ಎಲೀಸ್‌ಳ ಕಾಲಿನ ಬಿಸಿ. ಅದು ಆರುವವರೆಗೂ ಅವಳು ಅಲ್ಲೇ ನಿಂತಿದ್ದಳು.